ಸಂಧಿಗಳೂ ಶಾಂತಿಯೂ: ಸುರಪುರದ ಸಾಕ್ಷ್ಯ

ರಾಜ್ಯ ರಾಜ್ಯಗಳು ಒಂದುಗೂಡಿ ಪ್ರತಿಜ್ಞೆ ಮಾಡಿದರೆ ಲೋಕದಲ್ಲಿ ಶಾಂತಿಯು ನೆಲೆಗೊಳ್ಳುವುದೆಂಬ ನಂಬಿಕೆಯು ಬಹು ಹಳೆಯದು. 1815ರಲ್ಲಿ ನೆಪೋಲಿಯನ್ನನ ಪತನಾನಂತರ ಯುರೋಪಿನ ಅರಸರು ಅದನ್ನು ನಂಬಿದರು. ಮೊದಲನೆಯ ಮಹಾಯುದ್ಧದ ತರುವಾಯ 1920ರಲ್ಲಿ ರಾಷ್ಟ್ರಸಂಘವನ್ನು ನಡೆಯಿಸತೊಡಗಿದವರು ನಂಬಿದರು. 1945ರಲ್ಲಿ ವಿಶ್ವಸಂಸ್ಥೆಯ ಸನದಿಗೆ ಹಸ್ತಾಕ್ಷರ ಮಾಡಿದ ರಾಷ್ಟ್ರಗಳೂ ನಂಬಿದುವು. ಈ ನಂಬಿಕೆಯು ಎಷ್ಟುಮಟ್ಟಿಗೆ ಸಾರ್ಥಕವಾಯಿತೆಂಬ ಪ್ರಶ್ನೆಯನ್ನು ವಿದ್ಯಾವಂತರು ಸಾಮಾನ್ಯವಾಗಿ ಲಂಡನ್, ಪ್ಯಾರಿಸ್, ಜಿನೀವಾ ಪಟ್ಟಣಗಳ ಕಡೆಗೆ ಮುಖಮಾಡಿಕೊಂಡು ವಿಚಾರಿಸುವುದು ವಾಡಿಕೆ. ಸಂಧಿ ಮಾಡಿದವರ ಚಾವಡಿಯಲ್ಲಿ ಕುಳಿತು ಸಂಧಿಯ ಗುಣವನ್ನು ತೂಗುವುದೊಂದು ಬಗೆ; ಸಂಧಿಯ ಭಾರವನ್ನು ಹೊತ್ತವರ ಊರಿನಲ್ಲಿ ನಿಂತು ತೂಗುವುದು ಇನ್ನೊಂದು ಬಗೆ. ಕೃಷ್ಣೆಯ ಉತ್ತರದಲ್ಲಿ, ಗುಡ್ಡಗಳ ನಡುವೆ ನೆಲೆಸಿರುವ ಸುರಪುರವು ಈ ಎರಡನೆಯ ಬಗೆಯ ಪರೀಕ್ಷೆಗೆ ತಕ್ಕ ಸ್ಥಳವಾಗಿದೆ. ಮೂರು ಶತಮಾನಗಳ ಕಾಲ ದಕ್ಷಿಣಾಪಥದ ದೊಡ್ಡ ದೊಡ್ಡ ಮೈತ್ರಿಗಳೆಲ್ಲವೂ ಈ ಬೇಡನಾಯಕರ ಸೀಮೆಯ ಮೇಲೆಯೋ ಅದರ ಮಗ್ಗುಲಿನಲ್ಲಿಯೋ ಹಾದುಹೋಗಿವೆ.

ಭಾರತೀಯ ರಾಜನೀತಿಶಾಸ್ತ್ರವು ಸಂಧಿಯ ವಿಷಯದಲ್ಲಿ ಮೈಮರೆತಿರಲಿಲ್ಲ. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅಚ್ಚುಹಾಕಿಸಿ ಲೋಕಕ್ಕೆ ತೋರಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂಬ ಷಾಡ್ಗುಣ್ಯದಲ್ಲಿ ಮೊದಲನೆಯ ಸ್ಥಾನವು ಸಂಧಿಗೇ ಸಲ್ಲುತ್ತದೆ. ಸಂಧಿಯನ್ನು ಗಟ್ಟಿಗೊಳಿಸುವ ಉಪಾಯ ಯಾವುದೆಂಬ ಚರ್ಚೆಯೂ ಅಲ್ಲಿ ಉಂಟು. ಸತ್ಯವಚನ, ಶಪಥಗಳಿಂದಾದ ಸಂಧಿಯು ಚಂಚಲವಾದುದು. ಹೊಣೆಗಾರರನ್ನೂ ಒತ್ತೆಯಾಳುಗಳನ್ನೂ ಕೊಟ್ಟು ಮಾಡಿದ ಸಂಧಿಯೇ ಸ್ಥಿರವಾದುದು ಎಂದು ಪೂರ್ವಾಚಾರ್ಯರ ಮತ. ಕೌಟಿಲ್ಯನು ಇದನ್ನು ಒಪ್ಪಲಿಲ್ಲ. ಸತ್ಯ ಶಪಥಗಳಿಗೆ ಇಹದಲ್ಲಿಯೂ ಪರದಲ್ಲಿಯೂ ಬೆಲೆಯುಂಟು, ಒತ್ತೆಯು ಇಹದಲ್ಲಿ ಮಾತ್ರ, ಅದೂ ಬಲವನ್ನು ನಂಬಿ ನಡೆಯತಕ್ಕದ್ದು ಎಂದು ಅವನ ಅಭಿಪ್ರಾಯ. ರಾಜನೀತಿಯಲ್ಲಿ ಕಠೋರನೆಂದು ಹೆಸರಾದ ಪಂಡಿತನು ಹೀಗೆ ಹೇಳಿರುವುದು ಗಮನಾರ್ಹವಾಗಿದೆ. ಮಾತಿಗೆ ಬೆಲೆಯಿಲ್ಲದೆಡೆಯಲ್ಲಿ ಒತ್ತೆಯು ಎಷ್ಟು ಕಾಲ ನಿಲ್ಲುವುದೆಂಬುದಕ್ಕೆ ದಕ್ಷಿಣದ ಇತಿಹಾಸವೇ ಉತ್ತರವನ್ನು ಕೊಡುತ್ತದೆ.

ಮೊದಲನೆಯ ಉದಾಹರಣೆಯು ಸುರಪುರಕ್ಕೆ ಬಹುದೂರವಲ್ಲದ ತಾಳಿಕೋಟೆಯ ಕಡೆಯದು. ವಿಜಾಪುರ, ಅಹಮ್ಮದನಗರ, ಗೋಲಕೊಂಡ, ಬೀದರ ಈ ನಾಲ್ಕು ಶಾಹಿಗಳು ವಿಜಯನಗರದ ವಿರುದ್ಧ ಒಂದುಗೂಡಿದುವು. ಮೈತ್ರಿಯನ್ನು ಬಿಗಿಗೊಳಿಸಲೆಂದು ಕೊಳು-ಕೊಡುಗೆಗಳಾದುವು: ಅಹಮ್ಮದನಗರದ ರಾಜಪುತ್ರಿ ಚಾಂದಬೀಬಿಯು ವಿಜಾಪುರದ ಅಲಿ ಆದಿಲಶಹನನ್ನು ವರಿಸಿದಳು, ಅಲಿಯ ಸೋದರಿಯು ಅಹಮ್ಮದನಗರದ ರಾಜಪುತ್ರನ ಕೈಹಿಡಿದಳು. 1565ರ ಜನವರಿ 23ರಂದು ರಕ್ಕಸಗಿ-ತಂಗಡಗಿಗಳ ಯುದ್ಧದಲ್ಲಿ ರಾಮರಾಯನು ಮಡಿದನು. ಮಿತ್ರರ ಉದ್ದೇಶವು ನೆರವೇರಿತು. ಅದರೊಡನೆ ಮೈತ್ರಿಯ ಕಾರಣವೂ ಮುಗಿಯಿತು. ಬಳಿಕ ಆದುದೇನು? 1619ರಲ್ಲಿ ವಿಜಾಪುರವು ತನ್ನ ಮಿತ್ರನಾಗಿದ್ದ ಬೀದರವನ್ನು ನುಂಗಿತು. 1636ರಲ್ಲಿ ಮೊಗಲರೊಡನೆ ಒಪ್ಪಂದಮಾಡಿಕೊಂಡು, ಬೀಗತನ ಬೆಳೆಸಿದ ಅಹಮ್ಮದನಗರದ ರಾಜ್ಯವನ್ನು ಹಂಚಿಕೊಂಡಿತು. ಆ ಒಪ್ಪಂದಕ್ಕೆ ಐವತ್ತು ವರ್ಷಗಳು ತುಂಬಿದಾಗ, 1686ರಲ್ಲಿ, ಆ ಮೊಗಲರೇ ವಿಜಾಪುರವನ್ನು ನುಂಗಿದರು. ಮರುವರ್ಷ ಗೋಲಕೊಂಡವೂ ಹೋಯಿತು. ಶತ್ರುವಿನ ಭಯದಿಂದ ಹುಟ್ಟಿದ ಮೈತ್ರಿಯು ಶತ್ರುವಿನ ಚಿತೆಯೊಡನೆಯೇ ಆರಿಹೋಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದೊರೆಯುವುದು ಕಷ್ಟ.

ವಿಜಾಪುರದ ಅಂತ್ಯಕಾಲದಲ್ಲಿಯೇ ಬೇಡನಾಯಕರು ಇತಿಹಾಸದ ರಂಗಕ್ಕೆ ಸ್ಪಷ್ಟವಾಗಿ ಬರುತ್ತಾರೆ. ಸಗರದ ಪಾಮನಾಯಕನು ವಿಜಾಪುರದ ಪಕ್ಷವನ್ನು ಹಿಡಿದು, ಮುತ್ತಿಗೆಗೆ ಸಿಕ್ಕಿದ ರಾಜಧಾನಿಗೆ ಸಹಾಯಮಾಡಿದನು. ದೊಡ್ಡ ರಾಜ್ಯವು ಬಿದ್ದ ಮೇಲೆ ಸಣ್ಣವನ ನಿಷ್ಠೆಗೆ ದೊರೆತ ಫಲವೆಂದರೆ, 1687ರಲ್ಲಿ ಸಗರವು ಮೊಗಲರ ವಶವಾದುದು. ಅವನ ತರುವಾಯ ಪಿಡ್ಡನಾಯಕನು ಕೆಲಕಾಲ ಮೊಗಲರ ಸೇವೆಯಲ್ಲಿದ್ದು, ಬಳಿಕ ವಾಗಣಗೇರಾದ ಗುಡ್ಡಗಳನ್ನು ಭದ್ರಪಡಿಸಿಕೊಂಡು ಸ್ವತಂತ್ರವಾಗಿ ನಡೆಯತೊಡಗಿದನು. 1705ರ ಫೆಬ್ರವರಿಯಲ್ಲಿ ಔರಂಗಜೇಬನು ತಾನಾಗಿಯೇ ಸೈನ್ಯದೊಡನೆ ಬಂದು ಆ ಕೋಟೆಯನ್ನು ಮುತ್ತಿದನು. ಆಗ ಮರಾಠರು ಧನಾಜಿ ಜಾಧವನ ನಾಯಕತ್ವದಲ್ಲಿ ಬೇಡರ ನೆರವಿಗೆ ಬಂದರು. ಅವರ ಕುಟುಂಬಗಳು ವಾಗಣಗೇರಾದಲ್ಲಿ ಆಶ್ರಯ ಪಡೆದಿದ್ದುವು. ಅದಲ್ಲದೆ ನೆರವಿಗಾಗಿ ನಾಯಕನು ಹಣವನ್ನೂ ತೆರುತ್ತಿದ್ದನು. ಏಪ್ರಿಲ್ ಅಂತ್ಯದಲ್ಲಿ ಕೋಟೆಯು ಬಾದಶಹನ ಕೈಸೇರಿದಾಗ ನಾಯಕನೂ ಅವನವರೂ ಅದನ್ನು ಬರಿದುಮಾಡಿ ಹೊರಟುಹೋಗಿದ್ದರು. ಇದೇ ಔರಂಗಜೇಬನ ಕೊನೆಯ ಮುತ್ತಿಗೆ. ಸಮೀಪದ ದೇವಾಪುರದ ಬೀಡಿನಲ್ಲಿ ಕಾಯಿಲೆ ಬಿದ್ದ ಆ ವೃದ್ಧನು 1707ರಲ್ಲಿ ಅಹಮ್ಮದನಗರದಲ್ಲಿ ತೀರಿಕೊಂಡನು. ಬೇಡರ ಸಂಸ್ಥಾನವು ಉಳಿದು, ಸುರಪುರವು ಅದರ ರಾಜಧಾನಿಯಾಗಿ ಬೆಳೆಯಿತು. ಮರಾಠರ ಮೈತ್ರಿಯು ಇಲ್ಲಿ ಕೆಲಸಕ್ಕೆ ಬಂದಿತೆಂಬುದನ್ನು ಒಪ್ಪಲೇಬೇಕು. ಇಬ್ಬರಿಗೂ ಒಂದೇ ಅಪಾಯ, ಒಬ್ಬರಲ್ಲಿ ಇನ್ನೊಬ್ಬರ ಹೆಂಡಿರು ಮಕ್ಕಳು. ಆದುದರಿಂದ ಮಾತು ನಿಂತಿತು. ಆದರೆ ಮುಂದಿನ ತಲೆಮಾರುಗಳಲ್ಲಿ ಅದೇ ಮರಾಠರ ಪೇಶವೆಗಳಿಗೆ ಸುರಪುರವು ಖಂಡಣಿಯನ್ನು ಕೊಡಬೇಕಾಯಿತು, ನಿಜಾಮನಿಗೂ ಕೊಡಬೇಕಾಯಿತು. ನಿನ್ನಿನ ಮಿತ್ರನು ಇಂದಿನ ಒಡೆಯನಾದನು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ನಾಟಕವು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1790ರಲ್ಲಿ ಕುಂಪಣಿ, ನಿಜಾಮ, ಪೇಶವೆ ಈ ಮೂವರೂ ಟಿಪ್ಪುವಿನ ವಿರುದ್ಧ ತ್ರಿಪಕ್ಷ ಸಂಧಿಯನ್ನು ಮಾಡಿಕೊಂಡರು. 1792ರಲ್ಲಿ ಟಿಪ್ಪು ತನ್ನ ರಾಜ್ಯದ ಅರ್ಧವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿ, ತನ್ನ ಇಬ್ಬರು ಬಾಲಕರನ್ನು ಒತ್ತೆಯಿಟ್ಟನು. ಪೂರ್ವಾಚಾರ್ಯರ ಮತದಂತೆ ಇದಕ್ಕಿಂತ ಸ್ಥಿರವಾದ ಸಂಧಿಯಿಲ್ಲ. ಬಾಲಕರು 1794ರಲ್ಲಿ ತಂದೆಯ ಬಳಿಗೆ ಹಿಂದಿರುಗಿದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ತಂದೆಯು ಯುದ್ಧಮಾಡುತ್ತ ಮಡಿದನು. ಇತ್ತ ಮಿತ್ರರ ನಡುವೆಯೂ ಸೌಖ್ಯವಿರಲಿಲ್ಲ. ಸಂಧಿಗೆ ಐದು ವರ್ಷಗಳು ತುಂಬುವುದರೊಳಗೆ, 1795ರ ಮಾರ್ಚಿಯಲ್ಲಿ, ಖರ್ಡಾದ ಯುದ್ಧದಲ್ಲಿ ಒಬ್ಬ ಮಿತ್ರನಾದ ಪೇಶವೆಯು ಇನ್ನೊಬ್ಬ ಮಿತ್ರನಾದ ನಿಜಾಮನನ್ನು ಸೋಲಿಸಿದನು. ನಿಜಾಮನು ಮೂರನೆಯ ಮಿತ್ರನ ಸಹಾಯವನ್ನು ಬೇಡಿದಾಗ ಗವರ್ನರ್-ಜನರಲ್ ಸರ್ ಜಾನ್ ಶೋರನು ತಟಸ್ಥನಾಗಿ ಕುಳಿತನು.

ಈ ನಿರಾಶೆಯಿಂದಲೇ ನಿಜಾಮನು ಬೇರೊಂದು ದಾರಿಯನ್ನು ಹಿಡಿದನು. 1798ರಲ್ಲಿ ವೆಲ್ಲೆಸ್ಲಿಯ ಸಹಾಯಕ ಸೈನ್ಯದ ಪದ್ಧತಿಯನ್ನು ಒಪ್ಪಿ, ತನ್ನ ಬಳಿಯಲ್ಲಿದ್ದ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ವಿಸರ್ಜಿಸಿದನು. 1800ರ ಸಂಧಿಯಲ್ಲಿ ಆ ಸೈನ್ಯದ ವೆಚ್ಚಕ್ಕಾಗಿ, ಟಿಪ್ಪುವಿನ ರಾಜ್ಯದಿಂದ ತನಗೆ ಬಂದಿದ್ದ ಬಳ್ಳಾರಿ ಮುಂತಾದ ಸೀಮೆಗಳನ್ನು ಕುಂಪಣಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂದು ಅವುಗಳಿಗೆ ಹೆಸರಾಯಿತು. ಇನ್ನು ಮುಂದೆ ಅನ್ಯರಾಜ್ಯಗಳೊಡನೆ ಸ್ವತಂತ್ರವಾಗಿ ವ್ಯವಹರಿಸುವ ಅಧಿಕಾರವು ಅವನಿಗೆ ಉಳಿಯಲಿಲ್ಲ. ಹೆಸರಿಗೆ ಮೈತ್ರಿ, ಅರ್ಥದಲ್ಲಿ ಆಶ್ರಯ. ಕೌಟಿಲ್ಯನ ಮಾತಿನಲ್ಲಿ ಇದು ಸಂಧಿಯೆನಿಸದೆ ಸಂಶ್ರಯವೆನಿಸುವುದು. 1818ರಲ್ಲಿ ಪೇಶವೆಯ ರಾಜ್ಯವೂ ಅಳಿದ ಮೇಲೆ ದಕ್ಷಿಣದಲ್ಲಿ ಕುಂಪಣಿಗೆ ಎದುರಾಗಿ ನಿಲ್ಲುವ ಅರಸನು ಒಬ್ಬನೂ ಇರಲಿಲ್ಲ.

ಈ ಏಕಹಸ್ತದ ವ್ಯವಸ್ಥೆಯು ಶಾಂತಿಯನ್ನು ತಂದಿತೇ ಎಂದು ಕೇಳಿದರೆ, ತಂದಿತೆಂದೇ ನ್ಯಾಯವಾಗಿ ಹೇಳಬೇಕು. ವರ್ಷವರ್ಷವೂ ಬೆಳೆಯನ್ನು ತುಳಿಯುತ್ತ ಬರುತ್ತಿದ್ದ ದಂಡುಗಳು ನಿಂತುವು. ಸುರಪುರದ ಮಟ್ಟಿಗೆ ಇದರ ಸ್ವರೂಪವು ಕ್ಯಾಪ್ಟನ್ ಮೆಡೋಸ್ ಟೇಲರನ ಕಾಲದಲ್ಲಿ ಕಾಣಿಸುವುದು. ರಾಜಾ ಕೃಷ್ಣಪ್ಪನಾಯಕನು ನಿಜಾಮ ಸರಕಾರದ ನಜರಾಣೆಯ ಬಾಕಿಯನ್ನೂ ಒಳಜಗಳವನ್ನೂ ಬಿಟ್ಟು ಮೃತನಾದನು. ಮಗನು ಬಾಲಕ, ರಾಣಿ ಈಶ್ವರಮ್ಮನಿಗೂ ಮೈದುನನಿಗೂ ಅಧಿಕಾರದ ಸ್ಪರ್ಧೆ. ಆಗ ಆಂಗ್ಲರ ಏಜೆಂಟನಾಗಿ ಬಂದ ಟೇಲರನು 1853ರವರೆಗೆ ಸಂಸ್ಥಾನದ ಆಡಳಿತವನ್ನು ಸರಿಪಡಿಸಿದನು. ಕಂದಾಯದ ಲೆಕ್ಕ ನೇರವಾಯಿತು, ರಸ್ತೆಗಳಾದುವು, ಪಾಮನಾಯಕನ ಕಾಲದ ಬೋನಾಳ ಕೆರೆಯು ಸುಧಾರಿಸಿತು. ರಾಜನಕೋಳೂರು ಮೊದಲಾದೆಡೆಗಳ ಪ್ರಾಚೀನ ಶಿಲಾಸಮಾಧಿಗಳನ್ನು ಅಗೆದು ಪರೀಕ್ಷಿಸುವಷ್ಟು ವಿರಾಮವೂ ಆ ಅಧಿಕಾರಿಗೆ ದೊರೆಯಿತು. ಅವನು ಕಟ್ಟಿಸಿದ ಬಂಗಲೆಯು ಇಂದಿಗೂ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ನಿಂತಿದೆ. ಪರರ ಆಳಿಕೆಯ ಕಾಲವಾದರೂ ಇವು ಸುಳ್ಳಾಗುವುದಿಲ್ಲ.

ಆದರೆ ಶಾಂತಿಯು ನಿಂತುದು ಯಾವುದರ ಮೇಲೆ? ಸುರಪುರದ ರಾಜನಿಗೆ ಅನ್ಯಾಯವಾದರೆ ಅವನು ದೂರನ್ನು ಯಾರಿಗೆ ಹೇಳಬೇಕಾಗಿದ್ದಿತು? ನಿಜಾಮನ ಮೇಲಿನ ದೂರನ್ನು ನಿಜಾಮನ ಮಿತ್ರನಾದ ಆಂಗ್ಲರಿಗೆ. ಆಂಗ್ಲರ ಮೇಲಿನ ದೂರನ್ನು ಆಂಗ್ಲರಿಗೇ. ಟೇಲರನಂತಹ ಸಹೃದಯನೊಬ್ಬನು ಅಧಿಕಾರದಲ್ಲಿದ್ದಾಗ ಕೊರತೆಯು ಕಾಣಿಸಲಿಲ್ಲ. ಅವನು ಹೊರಟುಹೋದ ಮೇಲೆ ಅದು ಬಯಲಾಯಿತು. ವ್ಯಕ್ತಿಯ ಗುಣವನ್ನು ನಂಬಿ ನಿಂತ ಶಾಂತಿಯು ಆ ವ್ಯಕ್ತಿಯ ಬದಲಿಯೊಡನೆ ಹೋಗತಕ್ಕದ್ದೇ.

1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ತರುಣ ರಾಜಾ ವೆಂಕಟಪ್ಪನಾಯಕನ ಮನಸ್ಸು ಅತ್ತ ಒಲಿಯಿತು. ಕನ್ನಡನಾಡಿನ ಇತರೆಡೆಗಳಲ್ಲಿಯೂ ಅದೇ ಅಸಮಾಧಾನವಿದ್ದಿತು. ಆದರೆ ಬಂಡಾಯಗಳ ತಿಥಿಗಳನ್ನು ಜೋಡಿಸಿ ನೋಡಿದರೆ ದುಃಖವಾಗುವುದು. ಹಲಗಲಿಯ ಬೇಡರು ಎದ್ದುದು 1857ರ ನವೆಂಬರಿನಲ್ಲಿ. ಸುರಪುರದ ಬೇಡರು ಆಂಗ್ಲರ ಬೀಡಿನ ಮೇಲೆ ಬಿದ್ದುದು 1858ರ ಫೆಬ್ರವರಿ 7ರ ರಾತ್ರಿ. ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಎದ್ದುದು ಅದೇ ವರ್ಷದ ಮೇ ತಿಂಗಳ ಕೊನೆಯಲ್ಲಿ. ಒಬ್ಬನ ಬೆಂಕಿ ಆರಿದ ಮೇಲೆ ಇನ್ನೊಬ್ಬನು ಹೊತ್ತಿಸಿದನು. ದುರ್ಬಲರ ಮೈತ್ರಿಗೆ ಮನಸ್ಸಿದ್ದರೂ ಕೂಡಿ ನಿಲ್ಲುವ ಏರ್ಪಾಡು ಇರಲಿಲ್ಲ. ಆಂಗ್ಲರಿಗಾದರೋ ಮದರಾಸು, ಮುಂಬಯಿ, ಹೈದರಾಬಾದುಗಳಿಂದ ಒಂದೇ ಆಜ್ಞೆಗೆ ಸೈನ್ಯಗಳು ಚಲಿಸುತ್ತಿದ್ದುವು. ಸುರಪುರವು ಬಿದ್ದಿತು. ರಾಜನು ಹೈದರಾಬಾದಿನಲ್ಲಿ ಸೆರೆಸಿಕ್ಕಿ ಶಿಕ್ಷೆಗೊಳಗಾದನು. ಶಿಕ್ಷೆಯು ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿದು, ಚೆಂಗಲ್ಪಟ್ಟಿನ ಕಡೆಗೆ ಸಾಗಿಸುತ್ತಿದ್ದಾಗ, ದಾರಿಯಲ್ಲಿಯೇ ಗುಂಡು ತಗುಲಿ ಮೃತನಾದನು. ತನ್ನ ಕೈಯಿಂದಲೇ ಅದು ಹಾರಿತೆಂದು ಆಂಗ್ಲರು ಬರೆದಿಟ್ಟರು.

ಎರಡು ವರ್ಷಗಳ ಬಳಿಕ ನಡೆದುದೇ ಈ ವಿಚಾರದ ತಿರುಳು. 1857-58ರಲ್ಲಿ ನಿಜಾಮನು ನಿಷ್ಠನಾಗಿ ನಿಂತುದಕ್ಕೆ ಮೆಚ್ಚಿ, 1860ರ ಸಂಧಿಯಲ್ಲಿ ಆಂಗ್ಲರು ರಾಯಚೂರು ದೋಆಬವನ್ನೂ ನಳದುರ್ಗವನ್ನೂ ಅವನಿಗೆ ಹಿಂದಿರುಗಿಸಿದರು. ಐವತ್ತು ಲಕ್ಷ ರೂಪಾಯಿಗಳ ಸಾಲವನ್ನು ಬಿಟ್ಟರು. ಸುರಪುರ ಸಂಸ್ಥಾನವನ್ನೂ ಕೊಟ್ಟರು. ಇಬ್ಬರು ಮಿತ್ರರ ನಡುವಣ ಸ್ನೇಹಕ್ಕೆ ಮೂರನೆಯವನ ನೆಲವು ಉಡುಗೊರೆಯಾಯಿತು. ಆ ನೆಲದ ರೈತನನ್ನಾಗಲಿ ನಾಯಕರ ಮನೆತನವನ್ನಾಗಲಿ ಕರೆದು ಕೇಳುವ ಪದ್ಧತಿಯೇ ಆ ಸಂಧಿಯಲ್ಲಿ ಇರಲಿಲ್ಲ. ಕಾಗದದ ಮೇಲೆ ಅದು ಶಾಂತಿಯ ಸಂಧಿ. ಸುರಪುರದವರಿಗೆ ಅದು ಮಾರಾಟದ ಪತ್ರ.

ಇಂತಹದು ಹಿಂದುಳಿದ ಕಾಲದ ದೋಷವೆಂದು ವಾಚಕರು ಭಾವಿಸಬಾರದು. 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ನಗರದಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿಗಳ ನಾಯಕರು ಕುಳಿತು ಜೆಕೊಸ್ಲೊವಾಕಿಯದ ಗಡಿಸೀಮೆಯನ್ನು ಹಿಟ್ಲರನಿಗೆ ಒಪ್ಪಿಸಿದರು. ಜೆಕ್ ಪ್ರತಿನಿಧಿಗಳಿಗೆ ಆ ಸಭೆಯಲ್ಲಿ ಪ್ರವೇಶವಿರಲಿಲ್ಲ. ಶಾಂತಿಯು ದೊರೆಯಿತೆಂದು ಲಂಡನ್ನಿನ ಜನರು ಹರ್ಷಪಟ್ಟರು. ಒಂದು ವರ್ಷವೂ ತುಂಬುವ ಮೊದಲೇ ಮಹಾಯುದ್ಧವು ಆರಂಭವಾಯಿತು. ಅದಕ್ಕೆ ಮುಂಚೆ ರಾಷ್ಟ್ರಸಂಘದ ಗತಿಯೂ ಹಾಗೆಯೇ ಆಗಿದ್ದಿತು. 1931ರಲ್ಲಿ ಜಪಾನು ಮಂಚೂರಿಯವನ್ನು ಹಿಡಿದಾಗ ಸಂಘವು ವಿಚಾರಣಾಮಂಡಲಿಯನ್ನು ಕಳುಹಿಸಿತು. ವರದಿಯು ಜಪಾನಿಗೆ ರುಚಿಸದೆ ಅದು ಸಂಘವನ್ನೇ ಬಿಟ್ಟಿತು. 1935ರಲ್ಲಿ ಇಟಲಿಯು ಅಬಿಸೀನಿಯದ ಮೇಲೆ ಬಿದ್ದಾಗ ಸಂಘವು ವ್ಯಾಪಾರ ನಿರ್ಬಂಧವನ್ನು ವಿಧಿಸಿಯೂ ಎಣ್ಣೆಯನ್ನು ಆ ಪಟ್ಟಿಗೆ ಸೇರಿಸಲಿಲ್ಲ. ಚಕ್ರವರ್ತಿ ಹೈಲೆ ಸೆಲಾಸ್ಸಿಯು 1936ರಲ್ಲಿ ಜಿನೀವಾಕ್ಕೆ ಹೋಗಿ ತನ್ನ ದೂರನ್ನು ಹೇಳಿಕೊಂಡನು. ಆದರೂ ಇಲ್ಲಿ ಒಂದು ಅಂತರವನ್ನು ಕಾಣಬೇಕು. ವೆಂಕಟಪ್ಪನಾಯಕನಿಗೆ ದೂರು ಹೇಳುವ ಕಟ್ಟೆಯೇ ಇರಲಿಲ್ಲ. ಸೆಲಾಸ್ಸಿಗೆ ಕಟ್ಟೆಯಿದ್ದಿತು, ಕೇಳಿದವರಿಗೆ ಕೈಯೆತ್ತುವ ಮನಸ್ಸಿರಲಿಲ್ಲ.

ಸುರಪುರವು ಇನ್ನೊಮ್ಮೆ ಇಂತಹ ಪ್ರಸಂಗವನ್ನು ಕಂಡಿತು. 1947ರ ನವೆಂಬರ್ 29ರಂದು ಭಾರತಕ್ಕೂ ಹೈದರಾಬಾದಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಒಪ್ಪಂದದ ಮಸಿಯು ಆರುವುದರೊಳಗೆ ಇಬ್ಬರೂ ಒಬ್ಬರನ್ನೊಬ್ಬರು ದೂರತೊಡಗಿದರು. ಹಳ್ಳಿಗಳಲ್ಲಿ ರಜಾಕಾರರ ಹಾವಳಿಯು ಹೆಚ್ಚಿತು. 1948ರ ಆಗಸ್ಟಿನಲ್ಲಿ ನಿಜಾಮ ಸರಕಾರವು ವಿಶ್ವಸಂಸ್ಥೆಯ ಭದ್ರತಾ ಮಂಡಲಿಗೆ ಮೊರೆಯಿಟ್ಟಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಒಳಹೊಕ್ಕಿತು. ಮಂಡಲಿಯು ವಿಷಯವನ್ನು ಎತ್ತಿಕೊಂಡುದು 16ರಂದು. 17ರಂದು ಹೈದರಾಬಾದು ಶರಣಾಯಿತು. ಆ ಕಾರ್ಯಾಚರಣೆಯಿಂದ ನಾಡಿಗೆ ಬಿಡುಗಡೆಯಾಯಿತೆಂಬುದು ನಿಜ. ಅದರ ಬೆನ್ನಿಗೇ ಕಲಬುರ್ಗಿ ಜಿಲ್ಲೆಯೂ ಸೇರಿದಂತೆ ಹಲವೆಡೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನ ಕುಟುಂಬಗಳು ಸೇಡಿಗೆ ತುತ್ತಾದುವೆಂಬುದೂ ನಿಜ. ಪಂಡಿತ ಸುಂದರಲಾಲರ ಸಮಿತಿಯು ಅದನ್ನು ವಿಚಾರಿಸಿ ಸರಕಾರಕ್ಕೆ ವರದಿಯನ್ನೊಪ್ಪಿಸಿತು. ಆ ವರದಿಯು ದಶಕಗಳವರೆಗೆ ಬೆಳಕನ್ನು ಕಾಣಲಿಲ್ಲ. ರಜಾಕಾರರ ಕಾಲದಲ್ಲಿ ಓಡಿದ ಕುಟುಂಬಕ್ಕಾಗಲಿ ಆ ಬಳಿಕ ಓಡಿದ ಕುಟುಂಬಕ್ಕಾಗಲಿ ಒಪ್ಪಂದದ ಕಾಗದವೂ ದೂರದ ಮಂಡಲಿಯೂ ನೆರಳಾಗಲಿಲ್ಲ.

ಹಾಗಾದರೆ ಮೈತ್ರಿಗಳೆಲ್ಲ ವ್ಯರ್ಥವೇ? ಸುರಪುರದ ಮುಂದಿನ ಚರಿತ್ರೆಯು ಹಾಗೆ ಹೇಳುವುದಿಲ್ಲ. 1953ರಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗವು ದೇಶವನ್ನೆಲ್ಲ ಸಂಚರಿಸಿ, ಒಂದೂವರೆ ಲಕ್ಷಕ್ಕೂ ಮಿಕ್ಕ ಮನವಿಪತ್ರಗಳನ್ನು ಸ್ವೀಕರಿಸಿ, ಸುಮಾರು ಒಂಬತ್ತು ಸಾವಿರ ಜನರ ಮಾತನ್ನು ಕೇಳಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಮೂರು ಭಾಗವಾಗಿ, ಸುರಪುರವು ಕನ್ನಡಿಗರ ರಾಜ್ಯಕ್ಕೆ ಸೇರಿತು. 1860ರಲ್ಲಿ ಒಂದು ಸಂಧಿಯ ಸಾಲಿನಿಂದ ಕೈಬದಲಾದ ಸೀಮೆಯೇ ಇದು. ಈ ಸಾರಿ ಕೇಳಿದ ಮೇಲೆ ಕೈಬದಲಾಯಿತು. ಎಲ್ಲರಿಗೂ ಬೇಡಿದುದು ದೊರೆಯಲಿಲ್ಲ. ಗಡಿಯ ವ್ಯಾಜ್ಯಗಳು ಉಳಿದುವು. ಆದರೂ ಆ ಗಡಿಗಳನ್ನು ದಂಡುಗಳು ದಾಟಲಿಲ್ಲ.

ಕೃಷ್ಣೆಯ ನೀರಿನ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಈ ನದಿಯ ದಂಡೆಗಾಗಿಯೂ ದೋಆಬಿಗಾಗಿಯೂ ರಾಯರು ಶಾಹಿಗಳೊಡನೆ, ಶಾಹಿಗಳು ತಮ್ಮತಮ್ಮೊಳಗೆ ಹೊಡೆದಾಡಿದರು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಲಿಯು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಪ್ರದೇಶಕ್ಕೆ 800 ಟಿ.ಎಂ.ಸಿ. ನೀರನ್ನು ಹಂಚಿತು. ಹಳೆಯ ಸುರಪುರ ಸೀಮೆಗೆ ಸೇರಿದ ನಾರಾಯಣಪುರದ ಬಸವಸಾಗರದಿಂದ ಕಾಲುವೆಗಳಲ್ಲಿ ಹರಿಯುವ ನೀರಿಗೆ ಆ ತೀರ್ಪೇ ಆಧಾರ. ರಾಜ್ಯಗಳಲ್ಲಿ ತೃಪ್ತಿಯು ನೆಲೆಸಲಿಲ್ಲ; ಬೇರೊಂದು ಮಂಡಲಿಯ ಮುಂದೆ ವ್ಯಾಜ್ಯವು ಮತ್ತೆ ಎದ್ದಿತು. ಆದರೂ ಅದು ವಕೀಲರ ಬಾಯಲ್ಲಿ ನಡೆಯಿತೇ ಹೊರತು ಸಿಪಾಯಿಗಳ ಕೈಯಲ್ಲಿ ನಡೆಯಲಿಲ್ಲ.

ಇವು ಒಂದೇ ದೇಶದೊಳಗಿನ ಮಾತುಗಳು, ಇವುಗಳ ಮೇಲೆ ಒಂದು ಸಂವಿಧಾನವೂ ಒಂದು ಸರ್ವೋಚ್ಚ ನ್ಯಾಯಾಲಯವೂ ಇವೆ, ರಾಷ್ಟ್ರರಾಷ್ಟ್ರಗಳ ಮೇಲೆ ಅಂತಹ ಛತ್ರವೆಲ್ಲಿದೆ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದುದು, ಕೊರತೆಯಿರುವುದೂ ಅಲ್ಲಿಯೇ. ವಿಶ್ವಸಂಸ್ಥೆಯಲ್ಲಿ ಇಂದು 193 ರಾಷ್ಟ್ರಗಳಿವೆ. ಮಹಾಸಭೆಯಲ್ಲಿ ಅತಿ ಸಣ್ಣದಕ್ಕೂ ಒಂದು ಮತವುಂಟು. ಆದರೆ ಭದ್ರತಾ ಮಂಡಲಿಯಲ್ಲಿ ಐದು ರಾಷ್ಟ್ರಗಳಿಗೆ ನಿಷೇಧಾಧಿಕಾರವಿರುವುದರಿಂದ, ಆ ಐದರಲ್ಲೊಂದು ತಪ್ಪುಮಾಡಿದಾಗ ಅಥವಾ ತಪ್ಪುಮಾಡಿದವನ ಬೆನ್ನಿಗೆ ನಿಂತಾಗ ಮಂಡಲಿಯು ಸ್ತಬ್ಧವಾಗುತ್ತದೆ. ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯವು ಕಕ್ಷಿಗಾರರು ಒಪ್ಪಿದರೆ ಮಾತ್ರ ವ್ಯಾಜ್ಯವನ್ನು ತೀರಿಸಬಲ್ಲದು. 1949ರಲ್ಲಿ ಸ್ಥಾಪಿತವಾದ ನೇಟೋ, 1955ರ ವಾರ್ಸಾ ಒಡಂಬಡಿಕೆ ಮೊದಲಾದ ಸೈನಿಕ ಮೈತ್ರಿಗಳು ತಮ್ಮ ಸದಸ್ಯರ ನಡುವೆ ಶಾಂತಿಯನ್ನು ಕಾದುವೆಂದು ಹೇಳಿಕೊಂಡುವು. ಆದರೆ 1956ರಲ್ಲಿ ಹಂಗೇರಿಗೂ 1968ರಲ್ಲಿ ಜೆಕೊಸ್ಲೊವಾಕಿಯಕ್ಕೂ ಸೈನ್ಯವು ನುಗ್ಗಿದುದು ಅವುಗಳ ಮಿತ್ರಮಂಡಲದಿಂದಲೇ. ನಿಜಾಮನ ಮಿತ್ರತ್ವದ ನೆರಳಿನಲ್ಲಿ ಸುರಪುರವು ಅನುಭವಿಸಿದುದು ಬೇರೆಯಲ್ಲ.

ಆದುದರಿಂದ ಮೈತ್ರಿಗಳು ಶಾಂತಿಯನ್ನು ಕಾಯಬಲ್ಲವೇ ಎಂಬ ಪ್ರಶ್ನೆಗೆ ಸುರಪುರದ ಗುಡ್ಡದ ಮೇಲಿನಿಂದ ಒಂದು ಉತ್ತರವು ದೊರೆಯುತ್ತದೆ. ಶತ್ರುವನ್ನು ಮುಂದಿಟ್ಟುಕೊಂಡ ಮೈತ್ರಿಯು ಶತ್ರುವು ಇರುವವರೆಗೆ ಬಾಳುವುದು. ಬಲಿಷ್ಠನೊಬ್ಬನ ಆಶ್ರಯವನ್ನು ಮೈತ್ರಿಯೆಂದು ಕರೆದರೆ ಅವನ ಮನಸ್ಸು ಇರುವವರೆಗೆ ಶಾಂತಿಯಿರುವುದು. ಮೂರನೆಯದೊಂದುಂಟು: ದುರ್ಬಲನೂ ಎದ್ದುನಿಂತು ದೂರು ಹೇಳುವ ಸ್ಥಳವಿರಬೇಕು, ಅವನ ನೆಲವನ್ನು ಕುರಿತ ಮಾತು ಅವನೆದುರಿಗೇ ಆಗಬೇಕು, ತೀರ್ಪು ಬಲಿಷ್ಠನಿಗೂ ತಗುಲಬೇಕು. ಇಷ್ಟು ಇದ್ದ ಮೈತ್ರಿಯಲ್ಲಿ ಅತೃಪ್ತಿಯಿದ್ದರೂ ಯುದ್ಧವು ದೂರವಿರುವುದು. ಮುಂದೆ ಯಾವ ರಾಷ್ಟ್ರಗಳು ಯಾವ ಸಂಧಿಗೆ ಹಸ್ತಾಕ್ಷರ ಮಾಡಿದರೂ, ಹಸ್ತಾಕ್ಷರ ಮಾಡಿದವರ ಹೆಸರುಗಳನ್ನು ಓದಿದ ಮೇಲೆ, ಆ ಸಂಧಿಯಲ್ಲಿ ಹೆಸರಿಸಲ್ಪಟ್ಟ ನೆಲದವರು ಅಲ್ಲಿ ಕುಳಿತಿದ್ದರೇ ಎಂಬುದನ್ನು ನೋಡುವುದು ಒಳ್ಳೆಯದು. 1860ರ ಸಂಧಿಯಲ್ಲಿ ಸುರಪುರದ ಹೆಸರಿದೆ, ಸುರಪುರದವನ ಹಸ್ತಾಕ್ಷರವಿಲ್ಲ.